ಚಕ್ರಶಬ್ದಮಣಿದರ್ಪಣ

ಶಾಸ್ತ್ರಗ್ರಂಥ ಬರೆಯಲು ಹೊರಟವನಿಗೆ ಮೊದಲ ತೊಡಕು ಅಧ್ಯಾಯಗಳಿಗೆ ಹೆಸರಿಡುವುದು. ಇಂದಿರಾಪುರಂ ನಿವಾಸಿಗೆ ಆ ತೊಡಕಿಲ್ಲ. ಗಾಜಿಯಾಬಾದ್ ಅಭಿವೃದ್ಧಿ ಪ್ರಾಧಿಕಾರದವರು ಬಡಾವಣೆ ಕಟ್ಟುವಾಗಲೇ ಅದನ್ನು ಜ್ಞಾನ ಖಂಡ, ನ್ಯಾಯ ಖಂಡ, ನೀತಿ ಖಂಡ, ಶಕ್ತಿ ಖಂಡ, ಅಹಿಂಸಾ ಖಂಡ, ಅಭಯ ಖಂಡ, ವೈಭವ ಖಂಡ ಎಂದು ವಿಂಗಡಿಸಿಟ್ಟಿದ್ದಾರೆ. ಇಷ್ಟು ಖಂಡಗಳಿದ್ದೂ ಗ್ರಂಥ ಮಾತ್ರ ಬಂದಿರಲಿಲ್ಲ. ಆ ಕೊರತೆ ನೀಗಲೆಂದು, ಇ-ಬೈಕಿನ ಗಾಲಿಯಿಂದ ಹೊಮ್ಮುವ ಅಪೂರ್ವ ಧ್ವನಿಗಳ ಮೂಲವನ್ನು ಶೋಧಿಸುವ ಈ ಪ್ರಬಂಧವನ್ನು ವಿದ್ವಜ್ಜನರ ಮುಂದಿಡಲಾಗಿದೆ. ಖಂಡಗಳ ಕ್ರಮ ಶಾಸ್ತ್ರೀಯವಲ್ಲ. ಯಾವ ರಸ್ತೆ ಸದ್ಯ ಅಗೆದಿಲ್ಲವೋ ಅದನ್ನು ಅನುಸರಿಸಿದೆ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದ ಗಾಡಿ ಮೋಟಾರು ವಾಹನವೇ ಅಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ. ಹಾಗಾದರೆ ಸರ್ಕಾರದ ಕಣ್ಣಿಗೆ ವಾಹನವೇ ಅಲ್ಲದ ವಸ್ತು ಸದ್ದು ಮಾಡಿದರೆ ಆ ಸದ್ದಿಗೆ ಅಸ್ತಿತ್ವವುಂಟೆ ಎಂಬುದು ಮೊದಲ ಪೂರ್ವಪಕ್ಷ. ಇದನ್ನು ಎತ್ತಿದವರು ನಮ್ಮ ಮೇಲಿನ ಮಹಡಿಯಲ್ಲಿರುವ ನಿವೃತ್ತ ಲೆಕ್ಕಪರಿಶೋಧಕರು. “ದಾಖಲೆಯಲ್ಲೇ ಇಲ್ಲದ್ದಕ್ಕೆ ಯಾಕೆ ತಲೆ ಕೆಡಿಸ್ಕೋತೀರಿ ಸ್ವಾಮಿ” ಎಂಬುದು ಅವರ ವಾದ. ಅವರ ಗಾಡಿಯೂ ಅದೇ ಜಾತಿಯದು, ಅದೂ ಕಿರುಗುಟ್ಟುತ್ತದೆ. ಪರಿಶೋಧಕರ ದಾಖಲೆಯಲ್ಲಿ ಮಾತ್ರ ಕಿರುಗುಟ್ಟುವುದಿಲ್ಲ.

ಜ್ಞಾನ ಖಂಡದಲ್ಲಿ ಪೂರ್ವಸೂರಿಗಳ ಸ್ಮರಣೆ. ಶಬ್ದ ಹುಟ್ಟುವುದು ನಾಭಿಯಲ್ಲಿ, ಅದರ ಆಕಾರ ಕಹಳೆಯದು, ಬಣ್ಣ ಬಿಳಿ ಎಂದು ಹದಿಮೂರನೆಯ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಹೇಳಿಹೋಗಿದ್ದಾನೆ. ಇದಕ್ಕೆ ಪ್ರಯೋಗದ ಬೆಂಬಲ ಸಿಗಲು ಆರುನೂರು ವರ್ಷ ಕಾಯಬೇಕಾಯಿತು. 1895ರ ಡಿಸೆಂಬರ್ 31ರಂದು ಆಗ್ಡನ್ ಬೋಲ್ಟನ್ ಎಂಬ ಅಮೆರಿಕನ್ನನಿಗೆ, ಹಿಂಚಕ್ರದ ನಾಭಿಯೊಳಗೇ ಮೋಟಾರು ಕೂರಿಸಿದ ಬೈಸಿಕಲ್ಲಿಗೆ ಪೇಟೆಂಟು ದೊರೆಯಿತು. ಬೋಲ್ಟನ್ ಕೇಶಿರಾಜನನ್ನು ಓದಿದ್ದನೆನ್ನಲು ಆಧಾರವಿಲ್ಲ. ಓದಿರಲಿಲ್ಲವೆನ್ನಲು ಆಧಾರವೆಲ್ಲಿದೆ ಎಂದು ಕೇಳುವ ಅಭಿಮಾನಿಗಳೂ ನಮ್ಮಲ್ಲಿ ಸಿಗುತ್ತಾರೆ. ಬಣ್ಣದ ವಿಚಾರದಲ್ಲಿ ಮಾತ್ರ ಸೂತ್ರಕಾರನನ್ನು ತಿದ್ದಬೇಕಾಗಿದೆ. ಮಳೆಗಾಲ ಮುಗಿದ ಮೇಲೆ ಮಕನ್‌ಪುರದ ಮಿಸ್ತ್ರಿ ಬಿಚ್ಚಿದ ಹಬ್ ಮೋಟಾರಿನೊಳಗಿಂದ ಬಂದ ಶಬ್ದದ್ರವ್ಯ ಕಡುಗಂದು ಬಣ್ಣದ್ದಾಗಿತ್ತು. ರಸ್ತೆಯಲ್ಲಿ ನಿಂತ ನೀರು ಆಕ್ಸೆಲಿನ ವೈರು ಹೊರಬರುವ ಸಂದಿನಿಂದ ಒಳಗಿಳಿದು, ಗ್ರೀಸು ಕದಡಿ, ಬೇರಿಂಗಿಗೆ ತುಕ್ಕು ಹಿಡಿಸಿತ್ತು. ನೀರು ನುಗ್ಗಿದ ದಿನ ಸದ್ದು ಬರುವುದಿಲ್ಲ. ವಾರಗಳು ಕಳೆದು, ನೀರಿನ ನೆನಪು ಆರಿದ ಮೇಲೆ ಬರುತ್ತದೆ. ಕಾರ್ಯಕಾರಣ ಸಂಬಂಧ ಗುರುತಿಸಲು ಪಂಡಿತರೂ ತಡವರಿಸುವುದು ಇಲ್ಲೇ.

ಪೆಟ್ರೋಲ್ ಗಾಡಿಗಳ ಕಾಲದಲ್ಲಿ ಈ ಶಾಸ್ತ್ರ ಬೆಳೆಯಲಿಲ್ಲ. ಎಂಜಿನ್ನಿನ ಗದ್ದಲ ಉಳಿದೆಲ್ಲ ಸದ್ದನ್ನೂ ನುಂಗುತ್ತಿತ್ತು. ಎಂಜಿನ್ ತೊಲಗಿದ ಮೇಲೆ ಗಾಡಿ ಮೌನವಾಗುತ್ತದೆಂದು ಜಾಹೀರಾತಿನವರು ನಂಬಿಸಿದರು. ಆದದ್ದು ಬೇರೆ: ಅದುವರೆಗೆ ಬಾಯಿ ಮುಚ್ಚಿಕೊಂಡಿದ್ದ ಬೇರಿಂಗು, ಕಡ್ಡಿ, ಪ್ಯಾಡು, ಮಡ್ಗಾರ್ಡುಗಳೆಲ್ಲ ಒಮ್ಮೆಗೇ ಮಾತಾಡತೊಡಗಿದವು. ಅವು ಆಡುವುದನ್ನು ಕೇಳಿಸಿಕೊಳ್ಳಲು ಇಂದಿರಾಪುರಂನಲ್ಲಿ ಹೊತ್ತು ಸಿಗುವುದೇ ಕಷ್ಟ. ಹಗಲು ಇ-ರಿಕ್ಷಾಗಳ ಹಾರ್ನು, ಸಂಜೆ ಮದುವೆ ಬ್ಯಾಂಡು, ರಾತ್ರಿ ಕಾವಲುಗಾರನ ಸೀಟಿ, ಎಲ್ಲ ಹೊತ್ತಿಗೂ ಮೀರತ್ ಎಕ್ಸ್‌ಪ್ರೆಸ್‌ವೇ ಕಡೆಯ ಮೊರೆತ. ಕ್ಷೇತ್ರಕಾರ್ಯಕ್ಕೆ ಉಳಿಯುವುದು ಜನವರಿಯ ನಸುಕು, ಮಂಜು ಕವಿದ ಸ್ವರ್ಣಜಯಂತಿ ಪಾರ್ಕಿನ ಸುತ್ತಲಿನ ರಸ್ತೆ. ಆ ಹೊತ್ತಿನಲ್ಲಿ ತಲೆ ಒಂದು ಪಕ್ಕಕ್ಕೆ ವಾಲಿಸಿ, ಗಾಲಿಯತ್ತ ಕಿವಿ ನೆಟ್ಟು, ಹತ್ತು ಕಿ.ಮೀ. ವೇಗದಲ್ಲಿ ಸುತ್ತುವ ವ್ಯಕ್ತಿಯನ್ನು ವಾಕಿಂಗ್ ಬಂದವರು ಕರುಣೆಯಿಂದ ನೋಡುತ್ತಾರೆ. ಸಂಶೋಧಕ ಅದಕ್ಕೆಲ್ಲ ಎದೆಗುಂದಬಾರದು.

ಈಗ ನ್ಯಾಯ ಖಂಡ. ಗ್ರಂಥದ ಹೃದಯ ಇಲ್ಲಿದೆ. ಶಬ್ದ ನಿತ್ಯ, ಅದು ಹುಟ್ಟುವುದಿಲ್ಲ, ಬರೀ ವ್ಯಕ್ತವಾಗುತ್ತದೆ ಎಂದು ಮೀಮಾಂಸಕರು. ಶಬ್ದ ಆಕಾಶದ ಗುಣ, ಹುಟ್ಟಿ ಸಾಯುವಂಥದು, ಅನಿತ್ಯ ಎಂದು ನೈಯಾಯಿಕರು. ಈ ವ್ಯಾಜ್ಯ ಇಷ್ಟು ಶತಮಾನ ಇತ್ಯರ್ಥವಾಗದೆ ಉಳಿದದ್ದು ಎರಡು ಪಕ್ಷದವರೂ ಗಾಡಿಯನ್ನು ಮಿಸ್ತ್ರಿಯ ಬಳಿಗೆ ಒಯ್ಯದ ಕಾರಣ. ಮನೆಯಿಂದ ಅಂಗಡಿಯವರೆಗೂ ಅಖಂಡವಾಗಿ ಕೇಳುವ ಸದ್ದು, ಮಿಸ್ತ್ರಿ ಕಿವಿಗೊಟ್ಟ ಕ್ಷಣ ಅಡಗುತ್ತದೆ. ಅಂಗಡಿ ದಾಟಿ ತಿರುವು ಹಿಡಿದೊಡನೆ ಮರಳುತ್ತದೆ. ಸತ್ತ ವಸ್ತು ಇಷ್ಟು ಲೆಕ್ಕವಿಟ್ಟು ಮರಳಲಾರದು, ಹಾಗಾಗಿ ಮೀಮಾಂಸಕರೇ ಗೆದ್ದರು. ಲೌಕಿಕರು ಇದಕ್ಕೊಂದು ಸಣ್ಣ ಸಮಾಧಾನ ಕೊಡುತ್ತಾರೆ: ಅಂಗಡಿಯಲ್ಲಿ ಗಾಡಿ ಸ್ಟ್ಯಾಂಡಿನ ಮೇಲಿರುತ್ತದೆ, ಸವಾರ ನೆಲದ ಮೇಲಿರುತ್ತಾನೆ. ಆಳಿನ ಭಾರ ಬಿದ್ದಾಗ ಮಾತ್ರ ಟೈರಿಗೆ ತಗಲುವ ಮಡ್ಗಾರ್ಡು, ಹೊರೆ ಬಿದ್ದಾಗ ಮಾತ್ರ ನರಳುವ ಬೇರಿಂಗು ಖಾಲಿ ತಿರುಗುವ ಚಕ್ರದಲ್ಲಿ ಬಾಯಿ ಬಿಡುವುದಿಲ್ಲ.

ಸದ್ದು ಎಲ್ಲಿಂದ ಬರುತ್ತಿದೆ ಎಂದು ಕೇಳುವುದೇ ಈ ಶಾಸ್ತ್ರದ ಮೂಲ ಅವಿದ್ಯೆ. ಗಾಡಿಯ ಚೌಕಟ್ಟು ಟೊಳ್ಳು ಕೊಳವೆ. ಹಿಂದಿನ ಗಾಲಿಯ ಕಿರಿಕಿರಿಯನ್ನು ಹ್ಯಾಂಡಲ್ಲಿನವರೆಗೆ ಒಯ್ದು ಮುಂದಿನ ಗಾಲಿಯ ಮೇಲೆ ಅಪವಾದ ಹೊರಿಸುವುದು ಅದಕ್ಕೆ ಸುಲಭ. ಮಿಸ್ತ್ರಿ ಕೇಳುವ ಪ್ರಶ್ನೆ ಒಂದೇ: “ಕಬ್ ಆತೀ ಹೈ?” ಯಾವಾಗ ಬರುತ್ತದೆ? ನಮ್ಮ ಪಂಚತಂತ್ರದ ನರಿಗೂ ಇದು ಗೊತ್ತಿತ್ತು. ಕಾಡಿನಲ್ಲಿ ಭಯಂಕರ ಸದ್ದು ಕೇಳಿ ಓಡಿಹೋಗಬೇಕೆಂದುಕೊಂಡ ನರಿ ನಿಂತು ನೋಡಿತು. ಗಾಳಿ ಬೀಸಿದಾಗ ಕೊಂಬೆ ಅಲುಗಿ, ಯುದ್ಧಭೂಮಿಯಲ್ಲಿ ಬಿದ್ದಿದ್ದ ನಗಾರಿಗೆ ಬಡಿಯುತ್ತಿತ್ತು. ಸದ್ದಿನ ಜಾಗ ಕಾಡೆಲ್ಲ ಅನ್ನಿಸುತ್ತಿತ್ತು, ಸದ್ದಿನ ಹೊತ್ತು ಗಾಳಿಯದೊಂದೇ. ಸದ್ದಿನ ಕಾರಣ ಪತ್ತೆ ಮಾಡಿದ ಮೊದಲ ಮೆಕ್ಯಾನಿಕ್ ಎಂಬ ಬಿರುದು ಆ ನರಿಗೆ ಸಲ್ಲಬೇಕು.

‘ಯಾವಾಗ’ ಎಂಬುದನ್ನು ಅಳೆಯಲು ಕನ್ನಡಿಗರಿಗೆ ಹುಟ್ಟಿನಿಂದಲೇ ಒಂದು ಉಪಕರಣ ಒದಗಿದೆ, ಅದು ತೊಡೆ. 26 ಇಂಚಿನ ಚಕ್ರದ ಸುತ್ತಳತೆ ಸುಮಾರು 2.07 ಮೀಟರ್. ಗಂಟೆಗೆ 15 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸುತ್ತು ಹಾಕುತ್ತದೆ. ಸುತ್ತಿಗೊಂದು ಪೆಟ್ಟಿನಂತೆ ನಾಲ್ಕು ಸೆಕೆಂಡಿಗೆ ಒಂದು ಆದಿತಾಳ ಮುಗಿಯುತ್ತದೆ. ಸವಾರ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದರಿಂದ ತಾಳ ಹಾಕುವುದು ಅಪಾಯಕರವಾದ್ದರಿಂದ ಮನಸ್ಸಿನಲ್ಲೇ ಹಾಕತಕ್ಕದ್ದು. ಸದ್ದು ಪ್ರತಿ ಪೆಟ್ಟಿಗೂ ಬಿದ್ದರೆ ಅದು ಸುತ್ತಿಗೊಮ್ಮೆ ಬರುವ ದೋಷ: ಬಾಗಿದ ಬ್ರೇಕ್ ಡಿಸ್ಕು, ಸಡಿಲವಾದ ಕಡ್ಡಿ, ಉಬ್ಬಿದ ಟೈರು, ಅಲುಗುವ ರಿಫ್ಲೆಕ್ಟರು, ವಾಲ್ವಿನ ಬುಡದ ನಟ್ಟು. ಪೆಡಲ್ ನಿಲ್ಲಿಸಿದೊಡನೆ ಸದ್ದೂ ನಿಂತರೆ ಅದು ಚೈನಿನದೋ ಪೆಡಲಿನದೋ ಪ್ರಕರಣ, ಈ ಗ್ರಂಥದ ವ್ಯಾಪ್ತಿಗೆ ಸೇರಿದ್ದಲ್ಲ. ಯಾವ ತಾಳಕ್ಕೂ ಕೂಡದೆ ಗರಗರ ಎನ್ನುತ್ತ, ವೇಗ ಏರಿದಂತೆ ಏರುವುದು ಬೇರಿಂಗಿನದು. ಅದರೊಳಗಿನ ಗುಂಡುಗಳು ತಮ್ಮದೇ ಲೆಕ್ಕದಲ್ಲಿ ಉರುಳುತ್ತವೆ, ಚಕ್ರದ ಸುತ್ತಿಗೆ ಅವು ಪೂರ್ಣಸಂಖ್ಯೆಯಲ್ಲಿ ಹೊಂದುವುದಿಲ್ಲ.

ಸುತ್ತಿಗೊಮ್ಮೆ ಬರುವ ಸದ್ದಿಗೆ ಪಂಚಾವಯವ ವಾಕ್ಯವನ್ನು ಹೀಗೆ ಅನ್ವಯಿಸಬೇಕು. ಈ ಚಕ್ರದ ಡಿಸ್ಕು ಬಾಗಿದೆ ಎಂಬುದು ಪ್ರತಿಜ್ಞೆ. ಸುತ್ತಿಗೊಮ್ಮೆ ಚರ್ ಎನ್ನುವುದರಿಂದ ಎಂಬುದು ಹೇತು. ಎಲ್ಲಿ ಸುತ್ತಿಗೊಮ್ಮೆ ಚರ್ ಎನ್ನುತ್ತದೋ ಅಲ್ಲಿ ಡಿಸ್ಕು ಬಾಗಿರುತ್ತದೆ, ಪರಿಶೋಧಕರ ಗಾಡಿಯಲ್ಲಿರುವಂತೆ ಎಂಬುದು ಉದಾಹರಣೆ. ಇಷ್ಟರಲ್ಲಿ ಪರಿಶೋಧಕರು ಆಕ್ಷೇಪವೆತ್ತಿ ಉದಾಹರಣೆಯನ್ನು ಕಡತದಿಂದ ತೆಗೆಸಿದರು. ಹೇತುವೂ ಗಟ್ಟಿಯಲ್ಲ; ಮಡ್ಗಾರ್ಡಿಗೆ ತಗಲುವ ಉಬ್ಬಿದ ಟೈರೂ ಸುತ್ತಿಗೊಮ್ಮೆಯೇ ಚರ್ ಎನ್ನುತ್ತದೆ. ಇದು ಸವ್ಯಭಿಚಾರವೆಂಬ ಹೇತ್ವಾಭಾಸ. ಇದನ್ನು ಕಳೆಯಲು ಓಡುತ್ತಿರುವಾಗ ಬ್ರೇಕನ್ನು ಮೆಲ್ಲಗೆ ಸೋಕಿಸಬೇಕು. ಸದ್ದು ಬದಲಾದರೆ ಡಿಸ್ಕು, ಬದಲಾಗದಿದ್ದರೆ ಬೇರೆ. ಕ್ಯಾಲಿಪರ್ ಓರೆಯಾಗಿ ಕೂತು ಒಂದು ಪ್ಯಾಡು ಸದಾ ಉಜ್ಜುತ್ತಿದ್ದರೆ ಅದರ ಎರಡು ಬೋಲ್ಟು ಸಡಿಲಿಸಿ, ಬ್ರೇಕ್ ಹಿಡಿದಿಟ್ಟು, ಮತ್ತೆ ಬಿಗಿದರೆ ತಾನಾಗಿ ನೇರವಾಗುತ್ತದೆ. ಉಪನಯ, ನಿಗಮನಗಳಿಗೆ ಆಮೇಲೆ ಕೆಲಸ ಉಳಿಯುವುದಿಲ್ಲ.

ಡಿಸ್ಕಿಗೆ ಎಣ್ಣೆ ಬಿಡುವವರಿಗಾಗಿ ಅಹಿಂಸಾ ಖಂಡವಿದೆ. ಬಾಗಿಲ ಕೀಲು ಕಿರುಗುಟ್ಟಿದರೆ ಎಣ್ಣೆ ಬಿಟ್ಟು ರೂಢಿಯಾದ ಕೈ ಬ್ರೇಕಿನತ್ತಲೂ ಹೋಗುತ್ತದೆ. ಸದ್ದು ನಿಲ್ಲುವುದು ನಿಜ, ಗಾಡಿ ನಿಲ್ಲುವುದಿಲ್ಲ. ಎಣ್ಣೆ ಕುಡಿದ ಪ್ಯಾಡು ಒಂದೆರಡು ದಿನದಲ್ಲಿ ಮೊದಲಿಗಿಂತ ದೊಡ್ಡದಾಗಿ ಚೀರುತ್ತದೆ, ಆಮೇಲೆ ಬದಲಾಯಿಸುವುದೊಂದೇ ದಾರಿ.

ಶಕ್ತಿ ಖಂಡದ ವಿಷಯ ಮೋಟಾರು. ಗೇರಿಲ್ಲದ ಹಬ್ ಮೋಟಾರುಗಳಲ್ಲಿ 46 ಅಯಸ್ಕಾಂತಗಳಿರುವ ಜಾತಿಯೊಂದು ಪ್ರಸಿದ್ಧ. ಅಂದರೆ 23 ಜೋಡಿ ಧ್ರುವ. ಅಗ್ಗದ ಕಂಟ್ರೋಲರು ಪ್ರತಿ ಜೋಡಿಗೂ ಆರು ಹೆಜ್ಜೆಯಲ್ಲಿ ಕರೆಂಟು ಬದಲಿಸುತ್ತದೆ. ಚಕ್ರದ ಒಂದು ಸುತ್ತಿಗೆ 138 ಮಿಡಿತವಾಯಿತು. 15 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 277ರ ಆಸುಪಾಸು, ಎಂದರೆ ಹಾರ್ಮೋನಿಯಂನ ಒಂದೂವರೆ ಮನೆ ಶ್ರುತಿ. 25ಕ್ಕೆ ಏರಿದರೆ 462, ಆರೂವರೆ ಮನೆಗೆ ಕೂದಲೆಳೆಯಷ್ಟು ಕಡಿಮೆ. ಸ್ಪೀಡೋಮೀಟರ್ ಕೆಟ್ಟವರು ಶ್ರುತಿಪೆಟ್ಟಿಗೆ ಇಟ್ಟುಕೊಂಡು ಗಾಡಿ ಓಡಿಸಬಹುದು. ಈ ಗುಂಯ್‌ಗುಡುವಿಕೆ ರೋಗವಲ್ಲ. ಸೈನ್ ವೇವ್ ಕಂಟ್ರೋಲರ್ ಹಾಕಿಸಿದರೆ ಹೆಚ್ಚುಕಡಿಮೆ ಅಡಗುತ್ತದೆ, ಕಛೇರಿಯೂ ಅಲ್ಲಿಗೆ ಮುಗಿಯುತ್ತದೆ.

ಗೇರಿರುವ ಮೋಟಾರಿನ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಮೂರು ನೈಲಾನ್ ಹಲ್ಲುಗಾಲಿಗಳು, ಒಂದು ಕ್ಲಚ್ಚು. ಇಲ್ಲಿ ಪರೀಕ್ಷೆ ಒಂದೇ ಕ್ಷಣದ್ದು: ಓಡುತ್ತಿರುವಾಗ ಆಕ್ಸಿಲರೇಟರ್ ಬಿಡಿ. ಸದ್ದು ಒಡನೆಯೇ ನಿಂತರೆ ಹಲ್ಲು ಸವೆದಿದೆ, ಏಕೆಂದರೆ ಕ್ಲಚ್ಚು ಗೇರುಗಳನ್ನು ಬಿಡಿಸಿಬಿಟ್ಟಿತು. ಸದ್ದು ಚಕ್ರದ ಜೊತೆಗೇ ಉರುಳುತ್ತ ನಿಧಾನವಾಗಿ ಇಳಿದರೆ ಚಕ್ರದ ಬೇರಿಂಗು. ಹೊರಡುವಾಗ ಮಾತ್ರ ಗಡಗಡ ನಡುಗಿ, ಕಾಲಿನಿಂದ ತಳ್ಳಿದ ಮೇಲೆ ಸರಿಯಾಗಿ ಓಡಿದರೆ, ಅಯಸ್ಕಾಂತದ ಸ್ಥಾನ ತಿಳಿಸುವ ಮೂರು ಹಾಲ್ ಸೆನ್ಸರ್‌ಗಳಲ್ಲಿ ಒಂದರ ವೈರು ಕಿತ್ತಿರುವ ಶಂಕೆ. ಮೂರು ದಪ್ಪ ವೈರುಗಳಲ್ಲೇ ಒಂದು ಕಡಿದಿದ್ದರೆ ಗಾಡಿ ಗುರುಗುಟ್ಟುತ್ತದೆ, ಕದಲುವುದಿಲ್ಲ. ಮುಷ್ಕರಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಒಂದು ಸದ್ದಿನ ವಿಷಯದಲ್ಲಿ ಪ್ರಬಂಧಕಾರ ಅಣಕವನ್ನು ಬದಿಗಿಡುತ್ತಾನೆ. ಹೊರಡುವಾಗ ಒಂದು ‘ಟಕ್’, ನಿಲ್ಲುವಾಗ ಇನ್ನೊಂದು ‘ಟಕ್’, ನಡುವೆ ಏನೂ ಇಲ್ಲ. ಆಕ್ಸೆಲಿನ ನಟ್ಟು ಸಡಿಲವಾಗಿದೆ. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಷ್ಟೇ ಬಲದಿಂದ ಆಕ್ಸೆಲನ್ನು ಹಿಂದಕ್ಕೆ ತಿರುವುತ್ತದೆ. ಅದನ್ನು ಹಿಡಿದಿಡಲೆಂದೇ ಟಾರ್ಕ್ ಆರ್ಮ್ ಎಂಬ ಕಬ್ಬಿಣದ ಪಟ್ಟಿ ಇರುತ್ತದೆ, ಬಹಳ ಗಾಡಿಗಳಲ್ಲಿ ಇರುವುದೂ ಇಲ್ಲ. ಆಕ್ಸೆಲು ತನ್ನ ಸೀಳಿನೊಳಗೆ ಒಮ್ಮೆ ಪೂರ್ತಿ ತಿರುಗಿತೆಂದರೆ ಅದರೊಳಗಿಂದ ಹಾಯುವ ವೈರುಗಳು ಹರಿಯುತ್ತವೆ, ಮುಂದಿನ ಗಾಲಿಯಾದರೆ ಕಳಚಿಕೊಳ್ಳಲೂಬಹುದು. ಈ ‘ಟಕ್’ ಕೇಳಿದವರು ಇಳಿದು ಗಾಡಿ ತಳ್ಳಿಕೊಂಡು ಹೋಗಬೇಕು, ಪಾಣಿನಿಯನ್ನು ಆಮೇಲೆ ನೋಡಬಹುದು.

ಅಭಯ ಖಂಡ ಅಂಜುಬುರುಕರಿಗೆ. ಪೆಡಲ್ ನಿಲ್ಲಿಸಿದಾಗ ಬರುವ ಟಿಕಿಟಿಕಿ ಫ್ರೀವೀಲಿನದು, ಅದು ಬರಲೇಬೇಕು. ಹೊಸದಾಗಿ ಕಡ್ಡಿ ಕಟ್ಟಿಸಿದ ಗಾಲಿ ಮೊದಲ ಓಟದಲ್ಲಿ ‘ಟಿಂಗ್’ ಎಂದರೆ ಕಡ್ಡಿಗಳು ತಿರುಚಿಕೊಂಡದ್ದನ್ನು ಬಿಚ್ಚಿಕೊಳ್ಳುತ್ತಿವೆ. ದಿನವೂ ‘ಟಿಂಗ್’ ಎಂದರೆ ಭಯ ಪಡಬಹುದು. ಹಬ್ ಮೋಟಾರಿನ ಗಾಲಿಗೆ 12 ಗೇಜಿನ, 2.6 ಮಿ.ಮೀ. ದಪ್ಪದ ಕಡ್ಡಿ ಹಾಕುವ ರೂಢಿ ಸುಮ್ಮನೆ ಬಂದದ್ದಲ್ಲ. ವೈಭವ ಖಂಡದಲ್ಲಿ ಹೇಳಬೇಕಾದ್ದು ಕಡ್ಡಿಗೆ ಬಣ್ಣದ ದೀಪ ಸುತ್ತಿಸಿಕೊಂಡವರ ಬಗ್ಗೆ. ಅವರಿಗೆ ಈ ಗ್ರಂಥ ಸಲ್ಲದು.

ಉಳಿದದ್ದು ನೀತಿ ಖಂಡ. ಸದ್ದು ಮಾಡುವ ಗಾಡಿಯನ್ನು ಮಾರುವಾಗ ಕೊಳ್ಳುವವರಿಗೆ ಸಂಗತಿ ತಿಳಿಸಬೇಕೆ? ಪರಿಶೋಧಕರ ಮತದಂತೆ, ಕೇಳಿದರೆ ತಿಳಿಸಬೇಕು, ಕೇಳಿಸದಂತೆ ನೋಡಿಕೊಳ್ಳಬೇಕು. ಅದಕ್ಕೆ ಪ್ರಶಸ್ತ ಕಾಲ ಕನ್ವರ್ ಯಾತ್ರೆ. ಹರಿದ್ವಾರದ ಗಂಗಾಜಲ ಹೊತ್ತು ಬರುವ ಭಕ್ತರ ಜೊತೆ ಡಿಜೆ ಲಾರಿಗಳು ಗಾಜಿಯಾಬಾದ್ ಹಾಯುವ ದಿನಗಳಲ್ಲಿ ಬೇರಿಂಗು ಪುಡಿಪುಡಿಯಾಗಿದ್ದರೂ ಯಾವ ಕಿವಿಗೂ ಗೊತ್ತಾಗದು. ಇದಕ್ಕೆ ಪ್ರತಿತಂತ್ರ: ಕೊಳ್ಳುವವರು ಕಿವಿಯನ್ನು ಬಿಟ್ಟು ಅಂಗೈಯನ್ನು ನಂಬಬೇಕು. ಗಾಲಿಯನ್ನು ನೆಲದಿಂದ ಎತ್ತಿ ಒಂದು ಕೈಯಿಂದ ತಿರುಗಿಸಿ, ಇನ್ನೊಂದನ್ನು ಆಕ್ಸೆಲ್ ಪಕ್ಕದ ಚೌಕಟ್ಟಿನ ಮೇಲಿಟ್ಟರೆ ಸವೆದ ಬೇರಿಂಗಿನ ಒರಟು ನಡುಕ ಕೈಗೆ ಹತ್ತುತ್ತದೆ. ಡಿಜೆ ಅದನ್ನು ಮುಚ್ಚಲಾರದು.

ಪ್ರತಿತಂತ್ರ ಅರಿಯದೆಯೂ ಪಾರಾಗುವ ಒಂದು ವರ್ಗವಿದೆ. ಉತ್ತರದವರ ಸಾವನ್ ತಿಂಗಳು ಹುಣ್ಣಿಮೆಯ ಮರುದಿನವೇ ಶುರುವಾಗುತ್ತದೆ. ಯಾತ್ರೆ ನಡೆಯುವ ಆ ಪಕ್ಷ ನಮ್ಮ ಪಂಚಾಂಗದಲ್ಲಿ ಇನ್ನೂ ಆಷಾಢ ಬಹುಳ. ಪರಿಶೋಧಕರು ತಮ್ಮ ಗಾಡಿಯನ್ನು ಆ ಗದ್ದಲದ ನಡುವೆ ವಸುಂಧರಾದ ಕನ್ನಡಿಗರೊಬ್ಬರಿಗೆ ತೋರಿಸಿದರು. ಬೆಲೆ ಕುದುರಿತು, ಕಾಫಿಯೂ ಆಯಿತು. ಮುಂಗಡದ ಮಾತು ಬಂದಾಗ ಅವರು ಎದ್ದು ನಿಂತು ಹೇಳಿದರಂತೆ: “ಗಾಡಿ ಚೆನ್ನಾಗಿದೆ ಸಾರ್, ಸದ್ದೇ ಇಲ್ಲ. ಆದ್ರೆ ಆಷಾಢದಲ್ಲಿ ತಗೊಂಡ್ರೆ ಮನೇಲಿ ಅಮ್ಮ ಸುಮ್ನಿರಲ್ಲ. ಅಮಾವಾಸ್ಯೆ ಕಳೀಲಿ, ಶ್ರಾವಣದಲ್ಲಿ ಬಂದು ಇನ್ನೊಂದು ರೌಂಡ್ ಓಡಿಸಿ ನೋಡ್ತೀನಿ.”