ಎಕರೆ ಭಾವ

ಪ್ರತಿ ಬಳಗದಲ್ಲೂ ಇಂಥವರೊಬ್ಬರು ಇರುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ ಪಕ್ಕದವರತ್ತ ಬಾಗಿ, "ಹತ್ತು ಎಕರೆ, ಹನ್ನೆರಡು ಮನೆ, ಒಂದೇ ಅಡುಗೆಮನೆ. ಏನಂತೀರಿ?" ಎನ್ನುತ್ತಾರೆ. ಬಾಯಿ ತುಂಬ ಪಾಯಸ ಇರುವವರು ತಲೆಯಾಡಿಸದೆ ಇನ್ನೇನು ಮಾಡಿಯಾರು? ಅದನ್ನೇ ಅವರು ಸದಸ್ಯತ್ವ ಎಂದು ಬರೆದುಕೊಳ್ಳುತ್ತಾರೆ. ತಮಿಳುನಾಡಿನ ಪೋತ್ತನೂರಿನಲ್ಲಿರುವ ಕನ್ನಡದ ಮನೆಗಳಲ್ಲಿ ಅವರಿಗೆ ಎಕರೆ ಭಾವ ಎಂದು ಹೆಸರು. ಇವತ್ತಿನವರೆಗೆ ಅವರ ಹೆಸರಲ್ಲಿ ಒಂದು ಸೆಂಟು ಜಮೀನೂ ಇಲ್ಲ.

ಭಾವನ ಮೂಲ ಬೆಂಗಳೂರು, ಸಂಬಳ ಸಾಫ್ಟ್‌ವೇರಿನದು, ಬಾಡಿಗೆ ಮನೆ ಜಂಕ್ಷನ್ ಹತ್ತಿರ. 1862ರಲ್ಲೇ ರೈಲು ಕಂಡ ಊರಿದು. ಇಲ್ಲಿಂದ ಎತ್ತ ಬೇಕಾದರೂ ಹೊರಡಬಹುದು, ಅದಕ್ಕೇ ಭಾವ ಇನ್ನೂ ಹೊರಟಿಲ್ಲ. ಅವರು ಇಲ್ಲಿಗೆ ಬಂದದ್ದಕ್ಕೆ ಕಾನೂನಿನ ಕಾರಣವೂ ಉಂಟು. ಕರ್ನಾಟಕದ ಭೂಸುಧಾರಣಾ ಕಾಯ್ದೆಯಲ್ಲಿ 79ಎ, 79ಬಿ ಕಲಮುಗಳಿದ್ದಷ್ಟು ಕಾಲ ರೈತರಲ್ಲದವರು ಹೊಲ ಕೊಳ್ಳುವುದು ಕಷ್ಟವಿತ್ತು, ತಮಿಳುನಾಡಿನಲ್ಲಿ ಆ ಅಡ್ಡಿ ಇರಲಿಲ್ಲ. ಭಾವ ಸಾಮಾನು ಕಟ್ಟಿಕೊಂಡು ಬಂದರು. 2020ರಲ್ಲಿ ಕರ್ನಾಟಕ ಆ ಕಲಮುಗಳನ್ನೇ ಕಿತ್ತುಹಾಕಿತು. ಅಂದಿನಿಂದ ಗುಂಪಿನ ಅರ್ಧ ಜನ ಚಾಮರಾಜನಗರ ಎನ್ನುತ್ತಾರೆ, ಇನ್ನರ್ಧ ಪೊಳ್ಳಾಚಿ ಎನ್ನುತ್ತಾರೆ. ಗುಂಪಿಗೆ ಲೋಗೋ ಸಿದ್ಧವಾಗಿದೆ. ಹೆಸರು ಇನ್ನೂ ತೀರ್ಮಾನವಾಗಿಲ್ಲ, ಯಾಕೆಂದರೆ ಅಲ್ಲಿ ಎಲ್ಲವೂ ಸರ್ವಾನುಮತದಿಂದಲೇ ಆಗಬೇಕು.

ಭಾವನಿಗೆ ಚರಿತ್ರೆ ಬಾಯಿಪಾಠ. ಗಾಂಧಿ 1910ರಲ್ಲಿ ಜೋಹಾನ್ಸ್‌ಬರ್ಗ್ ಬಳಿ ಟಾಲ್‌ಸ್ಟಾಯ್ ಫಾರ್ಮ್ ಕಟ್ಟಿದ್ದು, ಅಲ್ಲಿ ಹಲವರು ಚಪ್ಪಲಿ ಹೊಲಿಯಲು ಕಲಿತದ್ದು, ಎಲ್ಲ ಹೇಳುತ್ತಾರೆ. ಆ 1,100 ಎಕರೆಯನ್ನು ಹರ್ಮನ್ ಕ್ಯಾಲನ್‌ಬಾಕ್ ಎಂಬ ವಾಸ್ತುಶಿಲ್ಪಿ ತನ್ನ ಕೈಯಿಂದ ಕೊಂಡು, ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದ ಎಂಬಲ್ಲಿಗೆ ಬಂದಾಗ ಮಾತ್ರ ದನಿ ಸ್ವಲ್ಪ ಇಳಿಯುತ್ತದೆ. ನಮ್ಮ ಗುಂಪಿನ ಕಷ್ಟ ಇಲ್ಲೇ ಇರುವುದು. ಹನ್ನೆರಡು ಮನೆಯವರೂ ಗಾಂಧಿಯಾಗಲು ತಯಾರು, ಕ್ಯಾಲನ್‌ಬಾಕ್ ಆಗಲು ಯಾರೂ ಮುಂದೆ ಬಂದಿಲ್ಲ. ಪ್ರತಿಯೊಬ್ಬರೂ ಪಕ್ಕದವರೇ ಆತ ಇರಬಹುದೆಂದು ಆಸೆಯಿಂದ ನೋಡುತ್ತಾರೆ.

ಆರೋವಿಲ್ಲಿನ ಕತೆಯನ್ನೂ ಭಾವ ಅರ್ಧವೇ ಹೇಳುವುದು. 1968ರ ಫೆಬ್ರುವರಿ 28ರಂದು 124 ದೇಶಗಳ ಮಣ್ಣು ತಂದು ಒಂದೇ ಪಾತ್ರೆಗೆ ಸುರಿದರು ಎಂದು ಕಣ್ಣರಳಿಸುತ್ತಾರೆ. 50,000 ಜನರಿಗೆಂದು ಯೋಜಿಸಿದ ಊರಿನಲ್ಲಿ ಅರ್ಧ ಶತಮಾನ ಕಳೆದರೂ ಅದರ ಹತ್ತನೇ ಒಂದು ಪಾಲು ಜನ ಸೇರಲಿಲ್ಲ, ಒಳಜಗಳ ಬಿಡಿಸಲು ಸಂಸತ್ತೇ 1980ರಲ್ಲೊಮ್ಮೆ, 1988ರಲ್ಲೊಮ್ಮೆ ಕಾಯ್ದೆ ಮಾಡಬೇಕಾಯಿತು ಎಂಬುದನ್ನು ನಾವು ಸೇರಿಸಬೇಕು. ಸೇರಿಸಿದರೆ ಭಾವನಿಗೆ ಬೇಸರ. "ನೀವು ನೆಗೆಟಿವ್ ಕಣ್ರೀ" ಎನ್ನುತ್ತಾರೆ.

ಭಾನುವಾರಗಳು ಜಮೀನು ನೋಡಲು ಮೀಸಲು. ಪೊಳ್ಳಾಚಿ ರಸ್ತೆ ಹಿಡಿದು ಕಿಣತ್ತುಕಡವು ದಾಟುವ ಹೊತ್ತಿಗೆ ಬ್ರೋಕರ್ ಬೈಕಿನಲ್ಲಿ ಮುಂದೆ ಹೋಗುತ್ತಿರುತ್ತಾನೆ. ಯಾವ ಜಮೀನಿಗೆ ಹೋದರೂ ಅವನದು ಒಂದೇ ಮಾತು: "ತಣ್ಣಿ ಸೂಪರುಂಗ!" ಸಾವಿರ ಅಡಿ ಕೊರೆದ ಬೋರಿನ ಬಾಯಿಗೆ ಕಲ್ಲು ಮುಚ್ಚಿರುತ್ತದೆ. ಕಲ್ಲು ಎತ್ತಿ ನೋಡೋಣ ಎಂದರೆ ಒಳಗೆ ಹಾವಿದೆ ಎನ್ನುತ್ತಾನೆ. ಪಂಪ್‌ಸೆಟ್ಟಿಗೆ ಇಲ್ಲಿ ಕರೆಂಟು ಪುಕ್ಕಟೆ. ಹೊಸ ಕನೆಕ್ಷನ್ನಿಗೆ ಮಾತ್ರ ವರ್ಷಗಟ್ಟಲೆ ಸಾಲಿನಲ್ಲಿ ನಿಲ್ಲಬೇಕು. ಇಷ್ಟೆಲ್ಲದರ ನಡುವೆ ಒಂದು ಭಾನುವಾರ ತೆಂಗಿನ ಮರದ ಕೆಳಗೆ ಒಂದು ನವಿಲು ಕಂಡಿತು. ಭಾವ ಕೈಮುಗಿದು ನಿಂತುಬಿಟ್ಟರು. ಜಮೀನಿನ ಮುದುಕ ಕಲ್ಲೆಸೆದು ಅದನ್ನು ಓಡಿಸಿ, "ಟೊಮೆಟೊ ಸಸಿ ಪೂರಾ ತಿಂದು ಹಾಕ್ತು" ಎಂದ.

ಆತ ದೇವಾಂಗದವನು, ಮಗ್ಗ ಬಿಟ್ಟು ತೆಂಗಿಗೆ ಬಂದವನು. ಮನೆಯೊಳಗಿನ ಮಾತು ಇವತ್ತಿಗೂ ಕನ್ನಡವೇ. ನಾವು ಕನ್ನಡದವರು ಎಂದು ತಿಳಿದದ್ದೇ ಇಳನೀರು ಕೊಚ್ಚಿ ಕೊಟ್ಟು, ಭಾವನನ್ನು ಪಕ್ಕಕ್ಕೆ ಕರೆದು ಕೇಳಿದ:

"ಪಟ್ಟಾ ಯಾರ ಹೆಸರಿಗೆ ಮಾಡ್ಸ್ತೀ ಕಣ್ಣು?"

"ಎಲ್ಲರ ಹೆಸರಿಗೂ ತಾತ. ಕೂಟ್ಟು ಪಟ್ಟಾ. ನಂದು ನಿಂದು ಅನ್ನೋದೇ ಇರಲ್ಲ."

ಮುದುಕ ಸ್ವಲ್ಪ ಹೊತ್ತು ಭಾವನ ಮುಖವನ್ನೇ ನೋಡಿದ. "ಕೂಟ್ಟು ಪಟ್ಟಾ ಇದ್ದದ್ದಕ್ಕೇ ನಾನಿದನ್ನ ಮಾರ್ತಿರೋದು. ನಾವು ನಾಲ್ಕು ಜನ ಒಂದೇ ಹೊಟ್ಟೆಲಿ ಹುಟ್ಟಿದವರು."

ಆ ನಾಲ್ವರಲ್ಲಿ ಒಬ್ಬ ಸಹಿ ಹಾಕಲು ಒಪ್ಪುತ್ತಿಲ್ಲ, ಇನ್ನೊಬ್ಬ ಬಂಡಿದಾರಿಗೆ ಬೇಲಿ ಹಾಕಿದ್ದಾನೆ ಎಂಬುದು ವಿಲ್ಲಂಗ ಸರ್ಟಿಫಿಕೇಟಿನಲ್ಲಿ, ಅಂದರೆ ಋಣಭಾರ ಪತ್ರದಲ್ಲಿ, ಇರಲಿಲ್ಲ. ವಾಪಸು ಬರುವಾಗ ಭಾವ ಕಾರಿನಲ್ಲಿ ಹೇಳಿದ್ದು ಇಷ್ಟೇ: "ಅವರದು ರಕ್ತಸಂಬಂಧ, ಅದಕ್ಕೇ ಜಗಳ. ನಮ್ಮದು ಭಾವನೆಗಳ ಸಂಬಂಧ." ಹಿಂದಿನ ಸೀಟಿನ ಇಬ್ಬರು ಆಗ ಎಸಿ ಎಷ್ಟರಲ್ಲಿರಬೇಕೆಂದು ಜಗಳವಾಡುತ್ತಿದ್ದರು.

ಕೂಟ್ಟು ಪಟ್ಟಾ ಬೇಡ, ತಲಾ ಒಂದು ತುಂಡು ಮಾಡಿಕೊಳ್ಳೋಣ ಎಂದರೆ ಇನ್ನೊಂದು ರಗಳೆ. ಅನುಮೋದನೆಯಿಲ್ಲದ ಲೇಔಟಿನ ಸೈಟು ನೋಂದಾಯಿಸಕೂಡದೆಂದು 2016ರಲ್ಲಿ ಮದ್ರಾಸ್ ಹೈಕೋರ್ಟ್ ತಡೆದ ಮೇಲೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಬಿಗಿ ಹೆಚ್ಚಿತು. ಹತ್ತು ಎಕರೆಯನ್ನು ಹನ್ನೆರಡು ಮನೆಗೆ ಕತ್ತರಿಸಿದರೆ ಅವರ ಕಣ್ಣಿಗೆ ಆದರ್ಶ ಗ್ರಾಮವೂ ಕಳ್ಳ ಲೇಔಟೂ ಒಂದೇ. ಸಂಘ ಮಾಡಿ ಅದರ ಹೆಸರಿಗೆ ಕೊಳ್ಳಬಹುದು, ನೋಂದಣಿಗೆ ಏಳು ಜನ ಸಾಕು. ಆ ಏಳು ಜನ ಒಂದೇ ದಿನ ಒಂದೇ ಕಡೆ ಸಿಗಬೇಕಲ್ಲ.

ಇವೆಲ್ಲ ಗಂಡಸರ ಕಷ್ಟಗಳು. ನಿಜವಾದ ಯುದ್ಧ ನಡೆದದ್ದು ಅಡುಗೆಮನೆಯ ಬಗ್ಗೆ. ಬೆಂಗಳೂರಿನವರು ಸಾಂಬಾರಿಗೆ ಬೆಲ್ಲ ಹಾಕುವವರು, ಇಲ್ಲಿಯವರಿಗೆ ಬೆಲ್ಲ ಬಿದ್ದ ಸಾಂಬಾರು ಪಾಯಸದ ತಮ್ಮ. ಬೆಲ್ಲದ್ದೊಂದು, ಬೆಲ್ಲವಿಲ್ಲದ್ದೊಂದು ಎಂದು ಎರಡು ಅಡುಗೆಮನೆಗೆ ರಾಜಿಯಾಯಿತು. ಆಮೇಲೆ ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಎದ್ದು ನಿಂತರು, ಅವರ ಬೆನ್ನಿಗೆ ಮೊಟ್ಟೆಯವರು. ಕೊನೆಗೆ ಒಬ್ಬ ಅತ್ತೆಯವರು, "ಬೆಳಗ್ಗೆ ಮೊದಲ ಡಿಕಾಕ್ಷನ್ ಯಾರಿಗೆ?" ಎಂದು ಕೇಳಿ ಸಭೆಯನ್ನೇ ಮುಗಿಸಿದರು. ಈಗಿನ ನಕ್ಷೆಯಲ್ಲಿ ಹನ್ನೆರಡು ಮನೆಗೆ ಹದಿಮೂರು ಅಡುಗೆಮನೆಗಳಿವೆ. ಹದಿಮೂರನೆಯದು ಸಾಮುದಾಯಿಕ.

ಹಸುವಿನ ಸರದಿಗೆ ಭಾವ ಎಕ್ಸೆಲ್ ಹಾಳೆ ಮಾಡಿದ್ದಾರೆ, ಬಣ್ಣ ಬಣ್ಣದ್ದು. ಗುಂಪಿನಲ್ಲಿ ಎಕ್ಸೆಲ್ ಬಲ್ಲವರು ಹನ್ನೊಂದು ಜನ, ಹಾಲು ಕರೆಯಲು ಬಲ್ಲವರು ಯಾರೂ ಇಲ್ಲ. ಅಕ್ಕ, ಅಂದರೆ ಭಾವನ ಹೆಂಡತಿ, ಒಂದು ದಿನ ಆ ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, "ಪಾತ್ರೆ ತೊಳೆಯೋದು ಯಾವ ಕಾಲಮ್ಮಲ್ಲಿದೆ ರೀ?" ಎಂದು ಕೇಳಿದರು. ಭಾವ ಒಂದು ಕಾಲಂ ಸೇರಿಸಿದರು. ಅದು ಇನ್ನೂ ಖಾಲಿ ಇದೆ. ಮಕ್ಕಳಿಗೆ ಶಾಲೆಯೇ ಬೇಡ, ಹೊಲವೇ ಪಾಠ ಎಂದು ಎಲ್ಲರೂ ಒಪ್ಪಿದ ಸಭೆ ಮುಗಿದ ಮೇಲೆ, ನಾಲ್ಕು ತಾಯಂದಿರು ಬೇರೆ ಬೇರೆಯಾಗಿ ಬಂದು, ಅಲ್ಲಿಗೆ ಸಿಬಿಎಸ್‌ಇ ಸ್ಕೂಲಿನ ಬಸ್ಸು ಬರುತ್ತದೆಯೇ ಎಂದು ನನ್ನನ್ನು ಪಿಸುಗುಟ್ಟಿ ಕೇಳಿದರು.

ನಗುತ್ತೇವೆ ನಿಜ. ಆದರೆ ಭಾವ ಮೋಸಗಾರರಲ್ಲ. ಇದೇ ರಸ್ತೆಯಲ್ಲಿ ಹೊಲಕ್ಕೆ ಗೇಟು ಹಾಕಿ, ಎರಡು ಸಪೋಟ ಗಿಡ ನೆಟ್ಟು, ಫಾರ್ಮ್‌ಲ್ಯಾಂಡ್ ಎಂದು ಸೆಂಟು ಲೆಕ್ಕದಲ್ಲಿ ಮಾರಿ ಕೋಟಿ ಎಣಿಸಿದವರು ಇದ್ದಾರೆ. ಅವರಿಗೆ ಸರ್ವಾನುಮತ ಬೇಕಿಲ್ಲ, ಅವರ ಕೆಲಸ ತಿಂಗಳಲ್ಲಿ ಮುಗಿಯುತ್ತದೆ. ಭಾವ ಯಾರಿಂದಲೂ ಒಂದು ರೂಪಾಯಿ ಅಡ್ವಾನ್ಸ್ ತೆಗೆದುಕೊಂಡಿಲ್ಲ. ಡೀಸೆಲ್ಲೂ ಅವರದೇ, ಇಳನೀರೂ ಅವರದೇ. ಅವರಿಗೆ ಜಮೀನು ಸಿಗದಿರಲು ಮುಖ್ಯ ಕಾರಣವೂ ಇದೇ ಎಂದು ನನ್ನ ಅಭಿಪ್ರಾಯ.

ಮುಂದಿನ ಭಾನುವಾರ ತಿರುಪ್ಪೂರು ಜಿಲ್ಲೆಗೆ, ಧಾರಾಪುರಂ ಕಡೆಗೆ ಹೋಗುವುದಿದೆ. ಕಾರಿನಲ್ಲಿ ಒಂದು ಸೀಟು ಖಾಲಿ. ಆಸಕ್ತರು ಬೆಳಗ್ಗೆ ಆರಕ್ಕೆ ಪೋತ್ತನೂರು ಸ್ಟೇಷನ್ ಮುಂದೆ ಇರಬೇಕು. ಹಾಲು ಕರೆಯಲು ಬರುವವರು ದಯವಿಟ್ಟು ಮೊದಲೇ ತಿಳಿಸಿ: ಮುಂದಿನ ಸೀಟು ನಿಮಗೆ, ಭಾವ ಡಿಕ್ಕಿಯಲ್ಲಿ ಕೂರಲು ಸಿದ್ಧರಿದ್ದಾರೆ.