ಸಮಯದ ಅಭಾವದಿಂದ

ಪರಿಸರ ಮಾಲಿನ್ಯ ಮತ್ತು ರಾಸಾಯನಿಕ ಅಪಾಯಗಳ ಕುರಿತ ಒಂದು ದಿನದ ತರಬೇತಿ ಕಾರ್ಯಾಗಾರದ ಸಂಘಟಕರಿಗೆ,



ನಿನ್ನೆ ಬನಶಂಕರಿಯ ಸಭಾಂಗಣದಲ್ಲಿ ನೀವು ಕೊಟ್ಟ ಪ್ರಮಾಣಪತ್ರ ನನ್ನ ಮುಂದಿದೆ. 'ಯಶಸ್ವಿಯಾಗಿ ತರಬೇತಿ ಪಡೆದಿರುತ್ತಾರೆ' ಎಂದು ಅಚ್ಚು ಹಾಕಿಸಿದ್ದೀರಿ. ಅದಕ್ಕೆ ಲ್ಯಾಮಿನೇಷನ್ ಬೇರೆ. ಪ್ಲಾಸ್ಟಿಕ್ಕಿನ ದುಷ್ಪರಿಣಾಮಗಳ ಬಗ್ಗೆ ನಾನು ಕಲಿತದ್ದು ಮಳೆಗೆ ನೆನೆದು ಹಾಳಾಗಬಾರದು ಎಂದಿರಬೇಕು. ರಾತ್ರಿ ಊಟಕ್ಕೆ ಕೂತಾಗ ಮನೆಯವರು, 'ಏನು ತರಬೇತಿ ಕೊಟ್ಟರು?' ಅಂದರು. ಹೇಳೋಕೆ ಏನೂ ತೋಚಲಿಲ್ಲ. ಅದಕ್ಕೇ ಈ ಪತ್ರ.

ಬೆಳಿಗ್ಗೆ ಒಂಬತ್ತೂವರೆಗೆ 'ಸರಿಯಾಗಿ' ಎಂದು ಆಹ್ವಾನ ಪತ್ರಿಕೆಯಲ್ಲಿ ಇತ್ತು. ಮುಖ್ಯ ಅತಿಥಿಗಳು ಬಂದಾಗ ಹನ್ನೊಂದೂಕಾಲು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದರಂತೆ. ವಾಯುಮಾಲಿನ್ಯದ ಬಗ್ಗೆ ಮಾತಾಡುವವರು, ಹೊಗೆ ಕುಡಿದೇ ಬಂದರು ಎಂದು ನಾವು ಸಮಾಧಾನ ಮಾಡಿಕೊಂಡೆವು. ಆಮೇಲೆ ಪ್ರಾರ್ಥನೆ, ಸ್ವಾಗತ, ಫ್ಯಾನಿನ ಗಾಳಿಗೆ ಆರಿ ಆರಿ ಹತ್ತಿದ ದೀಪ. ವೇದಿಕೆಯ ಹಿಂದೆ ಗೋಡೆಯುದ್ದದ ಫ್ಲೆಕ್ಸ್. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಫ್ಲೆಕ್ಸೂ ಇತ್ತು. ನಿಷೇಧಿತ ವಸ್ತು ಹೇಗಿರುತ್ತದೆ ಎಂದು ಜನಕ್ಕೆ ತೋರಿಸಲು ಒಂದು ಮಾದರಿ ಇಟ್ಟಿದ್ದೀರಿ ಅಂದುಕೊಂಡೆ. ಗಣ್ಯರಿಗೆ ಗಣ್ಯರೇ ಶಾಲು ಹೊದಿಸಿದರು, ಮಿರಿಮಿರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೂಗುಚ್ಛ ಕೊಟ್ಟರು, ಕೊಟ್ಟವರಿಗೆ ಇಸಿದುಕೊಂಡವರು ತಿರುಗಿ ಕೊಟ್ಟರು. ಅದಕ್ಕೆಲ್ಲ ಸಮಯವಿತ್ತು.

ನಾನು ಒಂದು ಪ್ರಶ್ನೆ ಇಟ್ಟುಕೊಂಡು ಬಂದಿದ್ದೆ. ಪ್ರಶ್ನೆ ನಾಲ್ಕಡಿ ಉದ್ದವಿತ್ತು. ಹಳೇ ಪಂಚೆಯಲ್ಲಿ ಸುತ್ತಿ, ಜಯನಗರದಿಂದ ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ತಂದಿದ್ದೆ. ಬಾಗಿಲಲ್ಲಿ ಸೆಕ್ಯೂರಿಟಿಯವನು 'ಬ್ಯಾನರಾ ಮೇಡಂ?' ಎಂದು ಕೇಳಿ ಮರ್ಯಾದೆಯಿಂದ ಒಳಗೆ ಬಿಟ್ಟ.

ಒಳಗಿದ್ದದ್ದು ಮೂರು ಟ್ಯೂಬ್‌ಲೈಟು. ಮನೆಗೆಲ್ಲ ಎಲ್‌ಇಡಿ ಹಾಕಿಸಿದ ಮೇಲೆ ಅಟ್ಟ ಸೇರಿದ್ದವು. ಕಸದ ಆಟೋದ ಜೊತೆ ಬರುವ ಹೆಂಗಸು, 'ಅದು ಬ್ಯಾಡಕ್ಕ, ಒಡೆದ್ರೆ ಕೈ ಕುಯ್ಯುತ್ತೆ' ಅಂದಳು. ಎಲೆಕ್ಟ್ರಿಕಲ್ ಅಂಗಡಿಯವರು, ಹೊಸದು ಮಾರ್ತೀವಿ, ಹಳೇದು ತಗೊಳ್ಳಲ್ಲ ಅಂದರು. ಗುಜರಿಯವನಿಗೆ ಎರಡು ತುದಿಯ ಲೋಹದ ಕ್ಯಾಪು ಮಾತ್ರ ಬೇಕಂತೆ, ಗಾಜು ನಾವೇ ಒಡೆದು ತೆಗೆದು ಕೊಡಬೇಕಂತೆ. ಒಂದು ಕಚೇರಿಗೆ ಫೋನ್ ಮಾಡಿದೆ. ಅವರು ಇನ್ನೊಂದು ಕಚೇರಿಯ ನಂಬರ್ ಕೊಟ್ಟರು. ಆ ಇನ್ನೊಂದು ಕಚೇರಿಯವರು ಕೊಟ್ಟದ್ದು ಮೊದಲನೇ ಕಚೇರಿಯ ನಂಬರ್.

ಒಂದೊಂದು ಟ್ಯೂಬಿನಲ್ಲೂ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಒಡೆದರೆ ಅದು ಆವಿಯಾಗಿ, ಹತ್ತಿರ ನಿಂತವರ ಶ್ವಾಸಕೋಶಕ್ಕೆ ಇಳಿಯುತ್ತದೆ. ಇದನ್ನು ನಿಮ್ಮ ಮೊದಲನೇ ಗೋಷ್ಠಿಯಲ್ಲೇ ಹೇಳಿದರು. ಚೆನ್ನಾಗಿಯೇ ಹೇಳಿದರು, ಇದು ವ್ಯಂಗ್ಯವಲ್ಲ. ಜಪಾನಿನ ಮಿನಮಾಟಾ, ಚಿಸ್ಸೊ ಕಂಪನಿ ಸಮುದ್ರಕ್ಕೆ ಬಿಟ್ಟ ಪಾದರಸ, ಮೀನು ತಿಂದು ಹುಚ್ಚೆದ್ದು ಕುಣಿದ ಬೆಕ್ಕುಗಳು, ಆಮೇಲೆ ಮನುಷ್ಯರು, 1956. ಕೊಡೈಕೆನಾಲಿನಲ್ಲಿ 2001ರಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆ. 2013ರ ಮಿನಮಾಟಾ ಒಪ್ಪಂದ, 2018ರಲ್ಲಿ ಭಾರತದ ಅನುಮೋದನೆ, 2027ರ ಹೊತ್ತಿಗೆ ಟ್ಯೂಬ್‌ಲೈಟುಗಳ ತಯಾರಿಕೆಯನ್ನೇ ಕೊನೆಗಾಣಿಸಬೇಕೆಂದು 2023ರಲ್ಲಿ ಜಿನೀವಾದಲ್ಲಿ ಆದ ತೀರ್ಮಾನ. ಪಾದರಸ ಜಪಾನಿನಿಂದ ಹೊರಟು, ಕೊಡೈಕೆನಾಲ್ ಹಾದು, ಜಿನೀವಾ ತಲುಪಿತು. ಜಯನಗರದ ನನ್ನ ಅಟ್ಟಕ್ಕೆ ಮಾತ್ರ ಬರಲಿಲ್ಲ. ಕೈ ಎತ್ತಿದೆ. 'ಪ್ರಶ್ನೋತ್ತರ ಕೊನೆಗೆ ಇದೆ, ದಯವಿಟ್ಟು ಸಹಕರಿಸಿ.' ಸಹಕರಿಸಿದೆ.

ಮಧ್ಯಾಹ್ನ ಕೆರೆಗಳ ಗೋಷ್ಠಿ. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದು ಸೇನೆಯವರು ಬಂದು ಆರಿಸಿದ ಚಿತ್ರ ಬಂತು, 'ಇದು ನಿಮಗೆಲ್ಲ ಗೊತ್ತಿರುವುದೇ' ಎಂದರು, ಚಿತ್ರ ಹೋಯಿತು. ಬಿ.ಟಿ.ಎಂ. ಲೇಔಟಿನ ಕೊಳೆ ಮಡಿವಾಳ, ಅಗರದ ದಾರಿ ಹಿಡಿದು ಅದೇ ಬೆಳ್ಳಂದೂರಿಗೆ ಇಳಿಯುತ್ತದೆ, ದಿಬ್ಬದ ಈ ಕಡೆ ಬನಶಂಕರಿಯದ್ದು ವೃಷಭಾವತಿ ಹಿಡಿದು ಬೈರಮಂಗಲಕ್ಕೆ ಹೋಗುತ್ತದೆ ಎಂದು ಯಾರಾದರೂ ಹೇಳಿದ್ದರೆ, ಸಭಾಂಗಣದ ಶೌಚಾಲಯಕ್ಕೆ ಎದ್ದು ಹೋದವರಿಗಾದರೂ ವಿಷಯ ಸ್ವಲ್ಪ ಹತ್ತಿರವಾಗುತ್ತಿತ್ತು. ಬಿಡಿ. ಸಮಯದ ಅಭಾವ.

ಊಟದಲ್ಲಿ ಪಾದರಸದ ಉಪನ್ಯಾಸಕರನ್ನು ಹಿಡಿದೆ. 'ಸಾರ್, ನನ್ನ ಹತ್ತಿರ ಮೂರು ಟ್ಯೂಬ್‌ಲೈಟು ಇವೆ, ಯಾರಿಗೆ ಕೊಡಬೇಕು?' 'ವೆರಿ ಗುಡ್ ಕ್ವೆಶ್ಚನ್' ಅಂದರು. 'ಅದು ಪಾಲಿಸಿ ಲೆವೆಲ್ಲಿನ ವಿಷಯ' ಅಂದರು. ಹೋಳಿಗೆಯ ಸಾಲಿಗೆ ಹೋದರು.

ಪಾಲಿಸಿ ಇದೆ ಸ್ವಾಮಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಬರೆದಿತ್ತು. ಟ್ಯೂಬ್‌ಲೈಟು, ಸಿಎಫ್‌ಎಲ್, ಪೇಂಟಿನ ಡಬ್ಬ, ಕೀಟನಾಶಕದ ಡಬ್ಬಿ, ಒಡೆದ ಥರ್ಮಾಮೀಟರ್, ಅವಧಿ ಮುಗಿದ ಔಷಧಿ, ಇವೆಲ್ಲ ಮನೆಯ ಅಪಾಯಕಾರಿ ತ್ಯಾಜ್ಯ. ಇವನ್ನು ತಗೊಳ್ಳಲು 20 ಚದರ ಕಿಲೋಮೀಟರಿಗೆ ಒಂದರಂತೆ ಸ್ಥಳೀಯ ಸಂಸ್ಥೆ ಕೇಂದ್ರ ತೆರೆಯಬೇಕು ಎಂದೂ ಅಲ್ಲೇ ಇತ್ತು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಎಲ್ಲಾ ಸೇರಿಸಿದರೆ ನಮ್ಮ ಪಾಲಿಗೆ ಒಂದಾದರೂ ಬರಬೇಕಲ್ಲ? ಎಲ್ಲಿದೆ? ನನ್ನ ನಾಲ್ಕಡಿಯ ಪ್ರಶ್ನೆ ಇಷ್ಟೇ. ವಿಳಾಸ ಹೇಳಲು ಒಂದು ನಿಮಿಷ ಸಾಕಿತ್ತು. ಶಾಲು ಹೊದಿಸುವುದಕ್ಕಿಂತ ಕಮ್ಮಿ.

ಸಭೆಗಳೇ ಬೇಡ ಅನ್ನುವವಳಲ್ಲ ನಾನು. ಇದೇ ಊರಿನಲ್ಲಿ 1999ರ ಫೆಬ್ರವರಿಯಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಅದರ ಹಿಂದಿದ್ದ ಜಾರ್ಜ್ ಫೌಂಡೇಷನ್ನಿನವರು ಕೈಬೀಸಿಕೊಂಡು ಬಂದಿರಲಿಲ್ಲ. ದೊಡ್ಡ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ, 12 ವರ್ಷದೊಳಗಿನ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸೀಸ ಮಿತಿ ಮೀರಿದೆ ಎಂಬ ಲೆಕ್ಕ ಇಟ್ಟುಕೊಂಡು ಬಂದಿದ್ದರು. ಮರುವರ್ಷ, 2000ದಲ್ಲಿ, ದೇಶದ ಬಂಕುಗಳಿಂದ ಸೀಸದ ಪೆಟ್ರೋಲ್ ಹೋಯಿತು. ಆ ಒಂದು ಸಮ್ಮೇಳನದಿಂದಲೇ ಆಯಿತು ಅನ್ನುತ್ತಿಲ್ಲ, ಕೋರ್ಟು, ಸರ್ಕಾರ, ಎಣ್ಣೆ ಕಂಪನಿಗಳು ಎಲ್ಲ ಅದರಲ್ಲಿದ್ದವು. ಆದರೆ ಅಲ್ಲಿ ಕೂತವರಿಗೆ ಯಾವ ವಿಷ, ಎಲ್ಲಿಂದ ಬರುತ್ತಿದೆ, ಯಾರ ರಕ್ತದಲ್ಲಿದೆ ಎನ್ನುವುದು ಗೊತ್ತಿತ್ತು. ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂದದ್ದೂ ಇಂಥ ಹಟದ ಜನ ಬಿಡದೆ ಬೆನ್ನು ಹತ್ತಿದ್ದರಿಂದ. ಅವರಿಗೂ ದಿನಕ್ಕೆ 24 ಗಂಟೆಯೇ ಇತ್ತು.

ನನಗೆ ಸಿಟ್ಟು ಬಂದದ್ದು ಫ್ಲೆಕ್ಸಿಗಲ್ಲ, ಕಾದು ಕೂತದ್ದಕ್ಕೂ ಅಲ್ಲ. ನಮ್ಮ ಬೀದಿಯಲ್ಲಿ ಟ್ಯೂಬ್‌ಲೈಟನ್ನು ರಾತ್ರಿ ಹೊತ್ತು ಖಾಲಿ ಸೈಟಿಗೆ ಎಸೆಯುತ್ತಾರೆ. ಬೆಳಿಗ್ಗೆ ಅದರ ಚೂರು ಬಾಚುವವಳು ಆ 'ಬ್ಯಾಡಕ್ಕ' ಅಂದವಳೇ. ಕೈಗೆ ಗ್ಲೌಸಿಲ್ಲ. ಅವಳಿಗೆ ಪಾದರಸ ಅಂತ ಯಾರೂ ಹೇಳಿಲ್ಲ, ಗಾಜು ಅಂತ ಮಾತ್ರ ಗೊತ್ತು. ರಾಸಾಯನಿಕ ಅಪಾಯದ ತರಬೇತಿ ಬೇಕಿದ್ದದ್ದು ಅವಳಿಗೆ. ಕರೆದದ್ದು ನನ್ನನ್ನು, ಯಾಕೆಂದರೆ ನನಗೆ ವಾಟ್ಸಾಪ್ ಇದೆ, ಬಿಡುವಿದೆ, ಫೋಟೋಗೆ ಒಳ್ಳೆ ಸೀರೆ ಉಟ್ಟು ಬರುತ್ತೇನೆ. ಅವಳು ಬಂದಿದ್ದರೆ ಪ್ರಶ್ನೋತ್ತರಕ್ಕೆ ಕಾಯುತ್ತಲೂ ಇರಲಿಲ್ಲ, ಎದ್ದು ನಿಂತು ಕೇಳಿಬಿಡುತ್ತಿದ್ದಳು. ನಾಚಿಕೆ ಆಗಬೇಕು.

ಸಂಜೆ ಮೈಕಿನಲ್ಲಿ, 'ಸಮಯದ ಅಭಾವದಿಂದ ಪ್ರಶ್ನೋತ್ತರ ಇರುವುದಿಲ್ಲ' ಎಂದಿರಿ. ಆಮೇಲೆ ವಂದನಾರ್ಪಣೆ. ಮೈಕಿನವರಿಗೆ, ಅಡುಗೆಯವರಿಗೆ, ಶಾಮಿಯಾನದವರಿಗೆ, ಕರೆಂಟು ತೆಗೆಯದೆ ಇದ್ದದ್ದಕ್ಕೆ ವಿದ್ಯುತ್ತಿನವರಿಗೆ, ಪ್ರತ್ಯಕ್ಷವಾಗಿ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೆ. ಪ್ರಮಾಣಪತ್ರ ಕೊನೆಗೆ ಇಟ್ಟಿದ್ದರಿಂದ ಯಾರೂ ಎದ್ದು ಹೋಗುವ ಹಾಗೂ ಇರಲಿಲ್ಲ.

ಒಂದು ವಿಷಯ ತಿಳಿಸಬೇಕು. ಸಭೆ ಮುಗಿದಾಗ ನಿಮ್ಮ ಡ್ರೈವರು ಶಾಲು, ನೆನಪಿನ ಕಾಣಿಕೆ ಎಲ್ಲವನ್ನೂ ಕಾರಿಗೆ ತುಂಬುತ್ತಿದ್ದ. 'ಇದೂ ಸಾಹೇಬರದ್ದೇ ಕಣಪ್ಪ, ಜೋಪಾನ' ಎಂದು ಪಂಚೆಯ ಗಂಟನ್ನು ಅವನ ಕೈಗೆ ಕೊಟ್ಟೆ. ಪಾಪ, ಹಿಂದಿನ ಸೀಟಿನ ಮೇಲೆ ಉದ್ದಕ್ಕೆ ಮಲಗಿಸಿದ. ಈ ಹೊತ್ತಿಗೆ ನಿಮ್ಮ ಮನೆಯಲ್ಲಿರಬೇಕು.

ಅಕಸ್ಮಾತ್ ಒಡೆದರೆ ಮಕ್ಕಳು, ನಾಯಿ ಎಲ್ಲರನ್ನೂ ಕೋಣೆಯಿಂದ ಆಚೆ ಕಳಿಸಿ. ಎಸಿ ಆಫ್ ಮಾಡಿ, ಕಿಟಕಿ ತೆಗೆದಿಟ್ಟು ನೀವೂ ಹತ್ತು ನಿಮಿಷ ಹೊರಗಿರಿ. ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ, ಆವಿ ಮನೆಯೆಲ್ಲ ಹರಡುತ್ತದೆ. ಗಟ್ಟಿ ಕಾಗದದಲ್ಲಿ ಚೂರುಗಳನ್ನು ಎತ್ತಿ (ಆಹ್ವಾನ ಪತ್ರಿಕೆ ಸಾಕಷ್ಟು ದಪ್ಪ ಇದೆ), ಉಳಿದ ಪುಡಿಯನ್ನು ಅಂಟು ಟೇಪಿನಿಂದ ಒತ್ತಿ ತೆಗೆದು, ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಮನೆ ಕೆಲಸದವರಿಗೆ ಹೇಳಬೇಡಿ, ನೀವೇ ಮಾಡಿ.

ಆಮೇಲೆ ಆ ಡಬ್ಬಿಯನ್ನು ಎಲ್ಲಿ ತಗೊಳ್ತಾರೆ ಅಂತ ಗೊತ್ತಾದರೆ ನನಗೂ ಒಂದು ಫೋನ್ ಮಾಡಿ. ನೋಂದಣಿ ಪುಸ್ತಕದಲ್ಲಿ ನನ್ನ ನಂಬರ್ ಇದೆ.

ಇಂತಿ,
ತರಬೇತಿ ಪಡೆದಿರುವ ಜಯನಗರದವಳು