ಬಾಚದವರ ಭಾಗ್ಯ

ಸೋಮಾರಿಗಳಿಗೆ ದೇವರು ಕೊಟ್ಟ ಕೆಲವೇ ವರಗಳಲ್ಲಿ ಗುಂಗುರು ಕೂದಲೂ ಒಂದು. ತೊಂದರೆ ಏನೆಂದರೆ, ಅದು ವರ ಎಂದು ಹೊಳೆಯುವಷ್ಟರಲ್ಲಿ ಅರ್ಧ ಆಯಸ್ಸು ಅದನ್ನು ನೆಟ್ಟಗೆ ಮಾಡುವುದರಲ್ಲೇ ಮುಗಿದಿರುತ್ತದೆ.

ಹೈದರಾಬಾದಿನ ನಾರಾಯಣಗೂಡದಲ್ಲಿ ಈ ವ್ಯರ್ಥ ಶ್ರಮಕ್ಕೆ ಅನುಕೂಲಗಳು ಹೇರಳ. ಮೆಟ್ರೋ ಇಳಿದು ಹಿಮಾಯತ್‌ನಗರದ ಕಡೆ ತಿರುಗಿದರೆ ಸಾಕು, ಬ್ಯೂಟಿ ಪಾರ್ಲರುಗಳ ಬೋರ್ಡುಗಳು ಕರೆಯುತ್ತವೆ: ಸ್ಮೂತನಿಂಗ್, ಸ್ಟ್ರೈಟನಿಂಗ್, ಕೆರಾಟಿನ್. ಬೋರ್ಡಿನ ಮೇಲಿನ ಹುಡುಗಿಗೆ ಯಾವ ಮಳೆಗಾಲವೂ ತಟ್ಟಿದಂತೆ ಕಾಣುವುದಿಲ್ಲ. ಕಾಲೇಜು ಹುಡುಗಿಯರು ಸುರುಳಿ ಕೂದಲಲ್ಲಿ ಒಳಗೆ ಹೋಗಿ, ಸಂಜೆ ಹೊರಗೆ ಬಂದಾಗ ಅವರ ಅವ್ವಂದಿರಿಗೇ ಗುರುತು ಹತ್ತುವುದಿಲ್ಲ.

ಈ ವಿದ್ಯೆಯ ಗುಟ್ಟು ದೊಡ್ಡದೇನಲ್ಲ. ಕೂದಲೆಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರೊಳಗೆ ಗಂಧಕದ ಕೊಂಡಿಗಳಿವೆ. ಒಂದು ಔಷಧಿ ಹಚ್ಚಿ ಆ ಕೊಂಡಿ ಬಿಡಿಸುತ್ತಾರೆ, ಕಾದ ಇಸ್ತ್ರಿಯಿಂದ ಎಳೆಯುತ್ತಾರೆ, ಇನ್ನೊಂದು ಔಷಧಿ ಹಚ್ಚಿ ನೆಟ್ಟಗಿರುವಾಗಲೇ ಕೊಂಡಿ ಕೂಡಿಸುತ್ತಾರೆ. ಆದರೆ ಈ ಸುದ್ದಿ ನೆತ್ತಿಯೊಳಗಿನ ಬೇರಿಗೆ ಯಾರೂ ತಿಳಿಸುವುದಿಲ್ಲ. ಅದು ತಿಂಗಳಿಗೆ ಸುಮಾರು 1 ಸೆಂ.ಮೀ.ನಂತೆ ತನ್ನ ಹಳೆಯ ಸುರುಳಿಯನ್ನೇ ಹೊರಗೆ ಕಳಿಸುತ್ತಿರುತ್ತದೆ. ವರ್ಷ ತುಂಬುವಷ್ಟರಲ್ಲಿ ಕಿವಿಯ ಮೇಲೆ ಒಬ್ಬಳು, ಕಿವಿಯ ಕೆಳಗೆ ಇನ್ನೊಬ್ಬಳು. ಇಬ್ಬರೂ ಕೂಡುವ ಗಡಿಯಲ್ಲೇ ಕೂದಲು ಹೆಚ್ಚು ತುಂಡಾಗುವುದು. ಇದಕ್ಕೆ ಸೋಮಾರಿಯ ಚಿಕಿತ್ಸೆ ಬಲು ಅಗ್ಗ: ಮತ್ತೆ ಪಾರ್ಲರಿಗೆ ಓಡದೆ ಸಡಿಲವಾಗಿ ಜಡೆ ಹಾಕುವುದು, ಆಗಾಗ ತುದಿ ಕತ್ತರಿಸುವುದು, ಉಳಿದಂತೆ ಕಾಯುವುದು.

ಗುಂಗುರು ಕೂದಲು ಬೇಗ ಒಣಗುವುದಕ್ಕೂ ಕಾರಣವಿದೆ. ನೆತ್ತಿಯಲ್ಲಿ ಹುಟ್ಟುವ ಎಣ್ಣೆ ನೆಟ್ಟಗಿನ ಕೂದಲಲ್ಲಿ ಸರಾಗವಾಗಿ ತುದಿಗೆ ಇಳಿಯುತ್ತದೆ. ಸುರುಳಿಯಲ್ಲಿ ಅದರ ಪ್ರಯಾಣ ಆಗುಂಬೆ ಘಾಟಿಯ ಬಸ್ಸಿನದು. ಹೀಗಾಗಿ ದಿನಾ ಶಾಂಪೂ ಹಾಕುವವರು ಅರ್ಧ ದಾರಿಗೆ ಬಂದ ಬಸ್ಸನ್ನು ವಾಪಸು ಕಳಿಸಿದಂತೆ. 2001ರಲ್ಲಿ ಲೊರೇನ್ ಮ್ಯಾಸಿ ಎಂಬಾಕೆ ‘ಕರ್ಲಿ ಗರ್ಲ್’ ಪುಸ್ತಕ ಬರೆದು, ಶಾಂಪೂ ಬಿಡಿ, ಬ್ರಶ್ ಬಿಡಿ, ಒರಟು ಟವೆಲ್ಲಿನಿಂದ ಉಜ್ಜುವುದು ಬಿಡಿ ಎಂದು ಹೇಳಿ ಜಗತ್ಪ್ರಸಿದ್ಧಳಾದಳು. ಕಲಬುರಗಿಯ ನಮ್ಮ ದೊಡ್ಡವ್ವ ಏನನ್ನೂ ಬರೆಯಲಿಲ್ಲ. “ಎಣ್ಣಿ ಹಚ್ಚಿದಾಗ್ಲೇ ಬಳ್ಳಿಲೆ ಸಿಕ್ಕು ಬಿಡಿಸು. ಎರಕೊಂಡ ಮ್ಯಾಲ ಹಣಿಗಿ ಮುಟ್ಟಬ್ಯಾಡ” ಎನ್ನುತ್ತಿದ್ದಳು. ಒರೆಸಲು ದೊಡ್ಡಪ್ಪನ ಹಳೆಯ ಧೋತರ. ವಾರಕ್ಕೊಮ್ಮೆ ಸೀಗೆಕಾಯಿ. ಅಲ್ಲಿಗೆ ಶಾಸ್ತ್ರ ಮುಗಿಯಿತು. ಎರೆದುಕೊಳ್ಳುವ ಮೊದಲು ಹಚ್ಚಿದ ಕೊಬ್ಬರಿ ಎಣ್ಣೆ ಕೂದಲಿನೊಳಕ್ಕೆ ಇಳಿದು, ತೊಳೆಯುವಾಗ ಪ್ರೋಟೀನು ಸೋರುವುದನ್ನು ತಗ್ಗಿಸುತ್ತದೆ ಎಂದು ವಿಜ್ಞಾನಿಗಳೂ ಆಮೇಲೆ ಒಪ್ಪಿಕೊಂಡರು.

ನೀರಿನ ಮಾತು ಬಂದರೆ ಹೈದರಾಬಾದಿನ ಕನ್ನಡಿಗರು ವಿಶ್ವೇಶ್ವರಯ್ಯನವರನ್ನು ಕರೆತರದೆ ಬಿಡುವುದಿಲ್ಲ. ನಾನೂ ಬಿಡುವುದಿಲ್ಲ. 1908ರ ಮೂಸಿ ಪ್ರವಾಹದ ನಂತರ ನಿಜಾಮರು ಅವರನ್ನು ಕರೆಸಿದರು. ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ ಸಿದ್ಧವಾಯಿತು. ಮುಂದೆ ಬೀದರ ಜಿಲ್ಲೆಯನ್ನು ಹಾದು ಬರುವ ಮಾಂಜ್ರಾ ನದಿಯ ನೀರೂ ಊರಿಗೆ ಬಂತು. ಅಪಾರ್ಟ್‌ಮೆಂಟಿನ ಬೋರು ಮಾತ್ರ ಯಾವ ಮಹನೀಯರ ಯೋಜನೆಯಲ್ಲೂ ಇರಲಿಲ್ಲ. ಅದರ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಮೇಲೆ ಕೂತು ಅದನ್ನು ತೆಂಗಿನ ನಾರು ಮಾಡಿಬಿಡುತ್ತವೆ. ಅದಕ್ಕೇ ನಲ್ಲಿ ನೀರು ಬಂದ ದಿನ ಒಂದು ಬಕೆಟ್ ತಲೆಯ ಹೆಸರಿಗೆ ತೆಗೆದಿಡಬೇಕು. ಬೋರು ನೀರಲ್ಲಿ ತೊಳೆದರೂ ಕೊನೆಯ ತಂಬಿಗೆಗಳು ನಲ್ಲಿ ನೀರಿನವಾಗಿರಲಿ.

ಇನ್ನು ಸುರುಳಿ ಚೆದುರದಂತೆ ಹಿಡಿದಿಡಲು ಈಗ ಎಲ್ಲರೂ ಅಗಸೆಯ ಜೆಲ್ ಎನ್ನುತ್ತಾರೆ. ಕಾಲು ಬಟ್ಟಲು ಅಗಸಿಯನ್ನು ಎರಡು ಬಟ್ಟಲು ನೀರಲ್ಲಿ ಕುದಿಸಿ, ಲೋಳೆ ಬಿಟ್ಟಾಗ ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ, ಹಸಿ ಕೂದಲಿಗೆ ಸವರಿ ಬಿಡುವುದು. ಫ್ರಿಜ್ಜಿನಲ್ಲಿ ವಾರ ಇರುತ್ತದೆ. ಇದು ಒಳ್ಳೆಯದೇ, ಆದರೆ ಕಲಬುರಗಿ ಕಡೆಯವರ ಮನೆಯಲ್ಲಿ ಮನೆಮುರುಕ ಕೆಲಸ. ಅಗಸಿ ಇರುವುದು ಹುರಿದು, ಖಾರ ಬೆಳ್ಳುಳ್ಳಿ ಹಾಕಿ ಕುಟ್ಟಿ, ಜೋಳದ ರೊಟ್ಟಿಯ ಪಕ್ಕ ಹಿಂಡಿಯಾಗಿ ಕೂರುವುದಕ್ಕೆ. “ಹಿಂಡಿ ಎಲ್ಲಿ?” ಎಂದು ಊಟಕ್ಕೆ ಕೂತವರು ಕೇಳಿದಾಗ “ತಲೆಯ ಮೇಲಿದೆ” ಎಂದರೆ ಸಂಸಾರ ನಡೆಯುವುದು ಕಷ್ಟ.

ಬಿಗಿ ಸುರುಳಿಯ ಕೂದಲು ಹೈದರಾಬಾದಿಗೆ ಹೊಸದೇನೂ ಅಲ್ಲ. ಮಾಸಾಬ್ ಟ್ಯಾಂಕಿನ ಹತ್ತಿರ ಎ.ಸಿ. ಗಾರ್ಡ್ಸ್ ಎಂಬ ಬಡಾವಣೆ ಇದೆ. ನಿಜಾಮರ ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಎಂಬ ಕುದುರೆ ದಳ ಉಳಿಸಿಹೋದ ಹೆಸರು ಅದು. ನಮ್ಮ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಯರ ಮೂಲವೂ ಆಫ್ರಿಕಾ. ಆ ಖಂಡದ ಹೆಂಗಸರು ಅಚ್ಚುಕಟ್ಟಾಗಿ ಜಡೆ ಹೆಣೆದು ವಾರಗಟ್ಟಲೆ ಅದರ ತಂಟೆಗೇ ಹೋಗದಿರುವುದನ್ನು ಒಂದು ಕಲೆಯನ್ನಾಗಿಯೇ ಬೆಳೆಸಿದರು. ರಾತ್ರಿ ತಲೆಗೆ ನುಣುಪು ಬಟ್ಟೆ ಕಟ್ಟುವುದನ್ನೂ ರೂಢಿ ಮಾಡಿಕೊಂಡರು, ಅರಳೆ ದಿಂಬಿಗೆ ಉಜ್ಜಿ ಕೂದಲು ಸಿಕ್ಕಾಗಬಾರದೆಂದು. ನಾವು ಹರಿದ ರೇಷ್ಮೆ ಸೀರೆಯಿಂದ ದಿಂಬಿಗೆ ಗವಸು ಹೊಲಿಸಿದರಾಯಿತು. ಜರಿ ಮಾತ್ರ ಹಿಂಬದಿಗೆ ಹೋಗಲಿ. ಇಲ್ಲದಿದ್ದರೆ ಬೆಳಗ್ಗೆ ಕೆನ್ನೆಯ ಮೇಲೆ ಮಾವಿನಕಾಯಿ ಅಂಚು ಮೂಡಿರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ, ಎಂದರೆ ಇಷ್ಟೆಲ್ಲ ಬಿಟ್ಟ ಮೇಲೆ, ಉಳಿಯುವ ಶ್ರಮ ಒಂದೇ: ಜನರಿಗೆ ಉತ್ತರ ಕೊಡುವುದು. ಬೆಳಗ್ಗೆ ನಾರಾಯಣಗೂಡದ ಮೇಲ್ಕೋಟೆ ಪಾರ್ಕಿನಲ್ಲಿ ತಲೆ ಬಿಟ್ಟುಕೊಂಡು ಒಂದು ಸುತ್ತು ಹೊಡೆಯಿರಿ. “ನೂನೆ ರಾಯಲೇದಾ ಅಮ್ಮಾ?” ಎಂದು ತೆಲುಗಿನ ಅತ್ತಮ್ಮ ಎಣ್ಣೆಯ ವಿಚಾರಣೆ ಮಾಡುತ್ತಾರೆ. “ಏನವ್ವ, ತಲಿ ಹಿಂಗ್ಯಾಕ್ ಬಿಟ್ಕೊಂಡಿ?” ಎಂದು ಬೀದರದ ಕಾಕಾ ನಿಲ್ಲುತ್ತಾರೆ. ವಿಜ್ಞಾನ ಹೇಳಲು ಹೋಗಬೇಡಿ. “ಇನ್ನೂ ಹಸಿ ಅದ ಕಾಕಾ” ಎನ್ನಿ. ತೆಲುಗಿನಲ್ಲಾದರೆ “ಇಂಕಾ ತಡಿಗಾ ಉಂದಿ”. ಉರ್ದುವಿನವರಿಗೆ “ಅಭೀ ಗೀಲೇ ಹೈಂ”. ಮೂರು ಭಾಷೆಯ ಈ ಒಂದೇ ವಾಕ್ಯ ನಿಮ್ಮನ್ನು ವರ್ಷವಿಡೀ ಬಾಚಣಿಗೆಯಿಂದ ಕಾಪಾಡುತ್ತದೆ. ಮೇ ತಿಂಗಳಲ್ಲಿ ಮಾತ್ರ ಬೇರೆ ನೆಪ ಹುಡುಕಿಕೊಳ್ಳಿ. ಹೈದರಾಬಾದಿನ ಆ ಬಿಸಿಲಲ್ಲಿ ಇದನ್ನು ಯಾರೂ ನಂಬುವುದಿಲ್ಲ.